ಪೆಟ್ರೋಲ್ ಮುಳ್ಳು ತಪ್ಪು ತೋರಿಸುತ್ತಿದೆಯೆಂದು ಮೀಟರ್ ಬದಲಿಸುವ ಮುನ್ನ

ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರುಗಳನ್ನು ಇನ್ನೂ ಓಡಿಸುತ್ತಿರುವ ಮಂಗಳೂರು, ಉಡುಪಿ ಕಡೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪೆಟ್ರೋಲ್ ಮಟ್ಟ ತೋರಿಸುವ ಮುಳ್ಳು ಕೈಕೊಟ್ಟಾಗ, ಪರೀಕ್ಷೆಯನ್ನೇ ಮಾಡದೆ ಒಂದರ ಮೇಲೊಂದು ಭಾಗ ಬದಲಿಸುವ ಗ್ಯಾರೇಜಿಗೆ ಕಾರನ್ನು ಒಪ್ಪಿಸಬೇಡಿ. ನನ್ನ ಕಾರಿನಲ್ಲಿ ಹಾಳಾಗಿದ್ದದ್ದು ಗೇಣುದ್ದದ ಅರ್ಥ್ ವೈರಿನ, ಅಂದರೆ ವಿದ್ಯುತ್ತನ್ನು ಕಾರಿನ ಬಾಡಿಗೆ ಸೇರಿಸುವ ವೈರಿನ, ತುದಿ ಮಾತ್ರ. ಅದಕ್ಕಾಗಿ ಟ್ಯಾಂಕಿನೊಳಗಿನ ಫ್ಲೋಟ್ ಯೂನಿಟ್ ಹೋಯಿತು, ಡ್ಯಾಶ್‌ಬೋರ್ಡಿನ ಮೀಟರ್ ಹೋಯಿತು. ಕೊನೆಗೆ ಮಳೆಗಾಲದ ಒಂದು ರಾತ್ರಿ, ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿರುವಾಗಲೇ, ಪಡುಬಿದ್ರಿ ದಾಟಿ ಹೆಜಮಾಡಿಯ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರು ಪೆಟ್ರೋಲ್ ಮುಗಿದು ನಿಂತಿತು.

ಲಕ್ಷಣ ಮೊದಲಿನಿಂದಲೂ ಸ್ಪಷ್ಟವಾಗಿತ್ತು. ಹೆಡ್‌ಲೈಟ್ ಹಾಕಿದರೆ ಮುಳ್ಳು ತುಸು ಇಳಿಯುತ್ತಿತ್ತು. ಬ್ರೇಕ್ ತುಳಿದು ಹಿಡಿದರೆ ಇನ್ನಷ್ಟು ಇಳಿದು, ಕಾಲು ತೆಗೆದ ಮೇಲೆ ನಿಧಾನವಾಗಿ ಮೇಲೇರುತ್ತಿತ್ತು. ಇದನ್ನು ಗ್ಯಾರೇಜಿನವರಿಗೆ ಹೇಳಿದಾಗ, ಬ್ರೇಕ್ ದೀಪಕ್ಕೂ ಪೆಟ್ರೋಲಿಗೂ ಏನು ಸಂಬಂಧ ಎಂದು ನಕ್ಕರು. ಸಂಬಂಧ ಇದೆ. ಟ್ಯಾಂಕಿನಲ್ಲಿ ತೇಲುವ ಫ್ಲೋಟಿನ ತೋಳು ಮೇಲೆ ಕೆಳಗೆ ಆಡಿದಂತೆ ಯೂನಿಟ್ಟಿನ ರೆಸಿಸ್ಟೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಬದಲಾಗುತ್ತದೆ. ಜಪಾನೀ ವಿನ್ಯಾಸದ ಅನೇಕ ಹಳೆಯ ಕಾರುಗಳಲ್ಲಿ ಟ್ಯಾಂಕ್ ತುಂಬಿದ್ದರೆ ಅದು ಕಡಿಮೆ, ಖಾಲಿಯಾದಂತೆ ಹೆಚ್ಚು. ಮೀಟರಿನಿಂದ ಬಂದ ವಿದ್ಯುತ್ತು ಈ ಯೂನಿಟ್ ಹಾದು ಅರ್ಥ್ ವೈರಿನ ಮೂಲಕ ಕಾರಿನ ಬಾಡಿ ಸೇರಬೇಕು. ಆ ಅರ್ಥ್ ತುದಿಯಲ್ಲಿ ಕಿಲುಬು ಕಟ್ಟಿದರೆ ಅಲ್ಲಿನ ತಡೆಯೂ ಲೆಕ್ಕಕ್ಕೆ ಸೇರಿ, ಪೆಟ್ರೋಲ್ ಇದ್ದರೂ ಮುಳ್ಳು ಕೆಳಗಿರುತ್ತದೆ. ಹಿಂದಿನ ದೀಪಗಳಿಗೂ ಅದೇ ಅರ್ಥ್ ಆಗಿದ್ದರೆ, ಅವು ಉರಿದಾಗಲೆಲ್ಲ ಮುಳ್ಳು ಇನ್ನೂ ಕುಸಿಯುತ್ತದೆ.

ನಮ್ಮ ಕರಾವಳಿಯಲ್ಲಿ ಇದು ಅಪರೂಪವೇನಲ್ಲ. ಉಪ್ಪಿನ ಗಾಳಿ ವರ್ಷವಿಡೀ ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ಸೀಟಿನ ಕೆಳಗಿನ ಮ್ಯಾಟು ಒಣಗುವುದೇ ಇಲ್ಲ. ನನ್ನ ಕಾರಿನಲ್ಲಿ ಯೂನಿಟ್ಟಿನ ಮುಚ್ಚಳವೂ ಅರ್ಥ್ ಸ್ಕ್ರೂವೂ ಇರುವುದು ಅಲ್ಲಿಯೇ. ಮೇಲಿಂದ ನೋಡಿದರೆ ವೈರು ಗಟ್ಟಿಯಾಗಿಯೇ ಕುಳಿತಿತ್ತು; ಸ್ಕ್ರೂ ಬಿಚ್ಚಿದಾಗ ವಾಶರಿನ ಅಡಿಯಲ್ಲಿ ಹಸಿರು ಪುಡಿ, ಅದರ ಕೆಳಗೆ ತುಕ್ಕಿನ ಪದರ. ಉಡುಪಿಯ ವಯಸ್ಸಾದ ಆಟೋ ಇಲೆಕ್ಟ್ರಿಷಿಯನ್ ಒಬ್ಬರು, ಅದನ್ನು ಬಿಚ್ಚುವ ಮೊದಲೇ, ಯೂನಿಟ್ಟಿನ ಅರ್ಥ್‌ನಿಂದ ಬಣ್ಣವಿಲ್ಲದ ಕಬ್ಬಿಣದ ಜಾಗಕ್ಕೆ ಬೇರೊಂದು ವೈರನ್ನು ಹಿಡಿದು ತೋರಿಸಿದರು. ಬ್ರೇಕ್ ಎಷ್ಟು ತುಳಿದರೂ ಮುಳ್ಳು ಅಲುಗಲಿಲ್ಲ.

ಈ ಪರೀಕ್ಷೆಗೆ ಖರ್ಚಿಲ್ಲ, ಆದ್ದರಿಂದ ಮೊದಲು ಇದನ್ನೇ ಮಾಡಿಸಿ. ಎಂಜಿನ್ ಬಿಸಿ ತೋರಿಸುವ ಮುಳ್ಳೂ ಜೊತೆಗೇ ತಪ್ಪುತ್ತಿದ್ದರೆ ಟ್ಯಾಂಕಿಗೆ ಕೈಹಾಕುವ ಮುನ್ನ ಫ್ಯೂಸನ್ನೂ ಮೀಟರಿಗೆ ಹೋಗುವ ವೋಲ್ಟೇಜನ್ನೂ ನೋಡಬೇಕು. ಮೀಟರ್ ಸರಿಯಿದೆಯೇ ಎಂದು ತಿಳಿಯಲು, ಯೂನಿಟ್ಟಿನ ಕನೆಕ್ಟರ್ ಕಳಚಿ, ಮೀಟರಿನಿಂದ ಬರುವ ವೈರಿಗೂ ಬಾಡಿಗೂ ನಡುವೆ ಸಣ್ಣ 12 ವೋಲ್ಟಿನ ಬಲ್ಬ್ ಸಿಕ್ಕಿಸಿ ಕೀ ಆನ್ ಮಾಡಿದರೆ, ಮೇಲೆ ಹೇಳಿದ ಬಗೆಯ ಕಾರುಗಳಲ್ಲಿ ಮುಳ್ಳು ಮೇಲೇರಬೇಕು. ಬಲ್ಬಿಲ್ಲದೆ ವೈರನ್ನು ನೇರವಾಗಿ ಬಾಡಿಗೆ ತಾಗಿಸಿ ಹಿಡಿದುಕೊಂಡರೆ ಹಳೆಯ ಮೀಟರ್ ಸುಟ್ಟುಹೋಗಬಹುದು. ಇದೆಲ್ಲವೂ ಟ್ಯಾಂಕ್ ಮುಚ್ಚಿದ್ದಾಗ, ಬಯಲಿನಲ್ಲಿ ಮಾತ್ರ: ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಶೆಡ್ಡಿನ ನೆಲದಲ್ಲೇ ತಂಗುತ್ತದೆ, ಒಂದು ಕಿಡಿ ಸಾಕು. ಯೂನಿಟ್ ಹೊರತೆಗೆಯಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ಕಳಚಿರಬೇಕು.

ಗ್ಯಾರೇಜಿನವರು ಇದಾವುದನ್ನೂ ಮಾಡಲಿಲ್ಲ. ಕಂಪನಿಯದ್ದಲ್ಲದ ಫ್ಲೋಟ್ ಯೂನಿಟ್ ಹಾಕಿದರು; ಮುಳ್ಳು ಇಳಿಯುವುದು ನಿಲ್ಲಲಿಲ್ಲ. ಸೆಕೆಂಡ್‌ಹ್ಯಾಂಡ್ ಮೀಟರ್ ಕೂರಿಸಿದರು, ಆಗಲೂ ಇಲ್ಲ. ಕೊನೆಗೆ, ಮುಳ್ಳು ಹೇಗಾದರೂ ಮೇಲೆ ನಿಂತರೆ ಸಾಕೆಂದು, ಫ್ಲೋಟಿನ ತೋಳನ್ನೇ ಬಗ್ಗಿಸಿ ಕಳಿಸಿದರು. ಮೋಸವೆಂದರೆ ಇದು. ಹಾಗೆ ಬಗ್ಗಿಸಿದಾಗ ಫ್ಲೋಟ್ ಟ್ಯಾಂಕಿನ ತಳ ಮುಟ್ಟಿದರೂ ತೋಳು ಪೂರ್ತಿ ಇಳಿಯುವುದಿಲ್ಲ, ಹಾಗಾಗಿ ಮುಳ್ಳು ಎಂದೂ ಖಾಲಿ ಎನ್ನುವುದಿಲ್ಲ. ಕಡಿಮೆ ತೋರಿಸುವ ಮುಳ್ಳಿನಿಂದ ಬಂಕಿಗೆ ಬೇಗ ಹೋಗುತ್ತೇವೆ, ಅಷ್ಟೆ. ಹೆಚ್ಚು ತೋರಿಸುವ ಮುಳ್ಳು ನಡುರಸ್ತೆಯಲ್ಲಿ ಬಿಡುತ್ತದೆ. ಪಂಪು ಟ್ಯಾಂಕಿನೊಳಗೇ ಇರುವ ಕಾರಾದರೆ ಅದನ್ನು ತಂಪಾಗಿಡುವುದೂ ಪೆಟ್ರೋಲೇ. ಖಾಲಿ ಟ್ಯಾಂಕಿನಲ್ಲಿ ಓಡಿದರೆ ಅದಕ್ಕೂ ಪೆಟ್ಟು.

ಸಾಲದ್ದಕ್ಕೆ ಯೂನಿಟ್ಟಿನ ರಬ್ಬರ್ ಪ್ಯಾಕಿಂಗ್ ಹಳೆಯದನ್ನೇ ಹಾಕಿದ್ದರು. ಟ್ಯಾಂಕ್ ತುಂಬಿಸಿ ಮಣಿಪಾಲದ ಏರು ಹತ್ತುವಾಗ ಹಿಂದಿನ ಸೀಟಿನಲ್ಲಿ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಕೆಲಸ ಮುಗಿಸಿ ತಂದ ಕಾರಿನಲ್ಲಿ ಇಂಥ ವಾಸನೆ ಬಂದರೆ ಮುಳ್ಳಿನ ಮಾತು ಬಿಟ್ಟು ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಅರ್ಥ್ ಸರಿಮಾಡಿ, ತೋಳನ್ನು ನೇರಗೊಳಿಸಿ, ಪ್ಯಾಕಿಂಗ್ ಬದಲಿಸಿದ ಮೇಲೆ ಮುಳ್ಳು ಈಗ ನಂಬುವಂತಿದೆ. ಮೀಟರಿನ ಕಥೆ ಮಾತ್ರ ಮುಗಿದಿಲ್ಲ. ಪೆಟ್ರೋಲ್ ಮುಳ್ಳೂ ಕಿಲೋಮೀಟರ್ ಅಂಕಿಯೂ ಒಂದೇ ಮೀಟರಿನಲ್ಲಿರುವುದರಿಂದ, ಸೆಕೆಂಡ್‌ಹ್ಯಾಂಡ್ ಮೀಟರ್ ತನ್ನ ಹಿಂದಿನ ಕಾರಿನ ಕಿಲೋಮೀಟರ್ ಲೆಕ್ಕವನ್ನು ಹೊತ್ತುಕೊಂಡೇ ಬರುತ್ತದೆ. ಬದಲಿಸಲೇಬೇಕಾದರೆ ಹಳೆಯ ಮತ್ತು ಹೊಸ ಎರಡೂ ಅಂಕಿಗಳನ್ನು ದಿನಾಂಕದೊಂದಿಗೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ತೆಗೆದ ಭಾಗಗಳನ್ನು ಅಂದೇ ಕೇಳಿ ಪಡೆಯಿರಿ. ನನ್ನ ಹಳೆಯ ಮೀಟರ್ ಕೇಳಲು ಹೋದಾಗ ಅದು ಗುಜರಿಗೆ ಹೋಯಿತೆಂದರು. ಬಿಲ್ಲಿನಲ್ಲಿ ಇರುವುದು ‘ಮೀಟರ್ ಕೆಲಸ’ ಎಂಬ ಎರಡೇ ಪದ.