ಬೆಲ್ಟಿನ ಭಾರಕ್ಕೂ ಪರಿಹಾರ: ಕ್ಯಾಲಿಫೋರ್ನಿಯಾ ಪೊಲೀಸರ ವರ್ಕರ್ಸ್ ಕಾಂಪ್ ಹೇಗಿದೆ?

ಪಿಸ್ತೂಲು, ಗುಂಡು, ಕೈಕೋಳ, ರೇಡಿಯೊ, ಟಾರ್ಚು ಎಲ್ಲವನ್ನೂ ಸೊಂಟಕ್ಕೆ ಕಟ್ಟಿಕೊಂಡು ದಿನವಿಡೀ ಕಾರಿಗೆ ಹತ್ತಿ ಇಳಿಯುವವರಿಗೆ ಸೊಂಟನೋವು ಬಾರದೆ ಇನ್ನೇನು? ಕೆಲಸದಿಂದಾದ ಗಾಯ, ಕಾಯಿಲೆಗೆ ನೌಕರರಿಗೆ ಸಿಗುವ ಪರಿಹಾರ ವಿಮೆಯೇ ವರ್ಕರ್ಸ್ ಕಾಂಪ್. ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನು, ಅಂದರೆ ಲೇಬರ್ ಕೋಡ್, ಈ ಸೊಂಟನೋವನ್ನು ಬರೀ ವಾದಕ್ಕೆ ಬಿಟ್ಟಿಲ್ಲ. ಪೂರ್ಣಾವಧಿಯಲ್ಲಿ ಕನಿಷ್ಠ 5 ವರ್ಷ ದುಡಿದಿದ್ದು, ಡ್ಯೂಟಿ ಬೆಲ್ಟ್ ಕಟ್ಟಲೇಬೇಕೆಂಬ ನಿಯಮ ಇದ್ದರೆ, ಕೆಳಬೆನ್ನಿನ ತೊಂದರೆ ಕೆಲಸದಿಂದಲೇ ಬಂತೆಂದು ಸೆಕ್ಷನ್ 3213.2 ಮೊದಲೇ ಒಪ್ಪಿಕೊಳ್ಳುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ಇಲಾಖೆಯ ತಲೆಗೆ. ಇದೇ ಪ್ರಿಸಂಪ್ಷನ್. ಪೊಲೀಸರ ಪರಿಹಾರ ವಿಮೆ ಮಿಕ್ಕ ನೌಕರರದಕ್ಕಿಂತ ಬೇರೆಯಾಗುವುದು ಮುಖ್ಯವಾಗಿ ಇಲ್ಲಿ.

ಪ್ರಿಸಂಪ್ಷನ್ ಪಟ್ಟಿಯಲ್ಲಿರುವುದು ಬೆನ್ನೊಂದೇ ಅಲ್ಲ. ಹೃದ್ರೋಗವಿದೆ, ನಗರ ಪೊಲೀಸರಿಗೆ ಅದಕ್ಕೂ 5 ವರ್ಷದ ಸೇವೆ ಬೇಕು. ಕ್ಯಾನ್ಸರ್ ಇದೆ, ಕ್ಯಾನ್ಸರ್‌ಕಾರಕ ವಸ್ತುವಿನ ಸಂಪರ್ಕವಾಗಿತ್ತೆಂದು ಮಾತ್ರ ತೋರಿಸಬೇಕು. 2020ರ ಜನವರಿ 1ರಿಂದ ಆಘಾತೋತ್ತರ ಮಾನಸಿಕ ಒತ್ತಡವೂ (ಪಿಟಿಎಸ್‌ಡಿ) ಸೇರಿದೆ, ಅದಕ್ಕೆ ಸಾಮಾನ್ಯವಾಗಿ 6 ತಿಂಗಳ ಸೇವೆ ಸಾಕು. ಬೆನ್ನು, ಹೃದ್ರೋಗ, ಕ್ಯಾನ್ಸರ್‌ಗಳ ವಿಷಯದಲ್ಲಿ ‘ಇದರಲ್ಲಿ ಇಷ್ಟು ಪಾಲು ನಿಮ್ಮ ವಯಸ್ಸಿನದು, ಇಷ್ಟು ಹಳೆಯ ಕಾಯಿಲೆಯದು’ ಎಂದು ಪರಿಹಾರವನ್ನು ಕತ್ತರಿಸುವಂತೆಯೂ ಇಲ್ಲ. ಓದಿದವರು ಕಡಿಮೆ, ಆದರೆ ಇಡೀ ಕಾನೂನಿನಲ್ಲಿ ಬೆಲೆಬಾಳುವ ಸಾಲು ಅದು.

ಕಂತು ಕಟ್ಟುವ ಗೋಜು ಪೊಲೀಸರಿಗಿಲ್ಲ. ನಮ್ಮ ಕೆಜಿಐಡಿಯಂತೆ ಸಂಬಳದಲ್ಲಿ ಮುರಿದುಕೊಳ್ಳುವುದಿಲ್ಲ. ಎಷ್ಟೋ ನಗರಗಳು, ಕೌಂಟಿಗಳು ಹೊರಗಿನಿಂದ ವಿಮೆ ಕೊಳ್ಳದೆ ತಾವೇ ಹಣ ತೆಗೆದಿಟ್ಟು, ಕ್ಲೇಮ್ ನೋಡಿಕೊಳ್ಳುವುದನ್ನು ಮಾತ್ರ ಬೇರೆ ಕಂಪನಿಗೆ ಒಪ್ಪಿಸುತ್ತವೆ. ಹಾಗಾಗಿ ದಿನನಿತ್ಯ ಸಿಗುವ ಮುಖ ಕ್ಲೇಮ್ ನೋಡಿಕೊಳ್ಳುವ ಆ ಕಂಪನಿಯ ಅಧಿಕಾರಿ, ಅಂದರೆ ಅಡ್ಜಸ್ಟರ್‌ದು.

ರಜೆಯ ಸಂಬಳದ ವಿಷಯದಲ್ಲಿ ಧಾರಾಳವಿದೆ. ಸೆಕ್ಷನ್ 4850 ಪ್ರಕಾರ ಗಾಯಗೊಂಡವರಿಗೆ ಒಂದು ವರ್ಷದವರೆಗೆ ಪೂರ್ತಿ ಸಂಬಳ. ಅದು ಮುಗಿದ ಮೇಲೆ ಸಾಮಾನ್ಯ ನೌಕರರಂತೆ ಮೂರರಲ್ಲಿ ಎರಡು ಪಾಲು, ಅದಕ್ಕೂ ವಾರದ ಮಿತಿಯುಂಟು. ಎಡವುವುದು ಇಲ್ಲೇ: ಇಂಥ ರಜೆಯ ಹಣಕ್ಕೆ ಒಟ್ಟು 104 ವಾರಗಳ (ಎರಡು ವರ್ಷದ) ಮಿತಿಯಿದೆ, ಆ ಪೂರ್ತಿ ಸಂಬಳದ ವರ್ಷವೂ ಅದರೊಳಗೇ ಸೇರುತ್ತದೆ. ಒಂದು ವರ್ಷದ ಮೇಲೆ ಇನ್ನೆರಡು ವರ್ಷ ಸಿಗುತ್ತದೆಂದು ಮನೆಸಾಲದ ಲೆಕ್ಕ ಹಾಕಿಕೊಂಡವರು ಪೇಚಿಗೆ ಸಿಗುತ್ತಾರೆ.

ಕ್ಲೇಮ್ ಹಾಕುವಾಗ ತಾರೀಖುಗಳೇ ಎಲ್ಲ. ಗಾಯವನ್ನು 30 ದಿನದೊಳಗೆ ಬರೆದು ತಿಳಿಸಬೇಕು. ಸಾರ್ಜೆಂಟ್‌ಗೆ ಬಾಯಲ್ಲಿ ಹೇಳಿದ್ದನ್ನೇ ನೆಚ್ಚಿಕೊಂಡು ಕೂರಬೇಡಿ. ವಿಷಯ ತಿಳಿದ ಒಂದು ಕೆಲಸದ ದಿನದೊಳಗೆ ಇಲಾಖೆ ಡಿಡಬ್ಲ್ಯೂಸಿ-1 ಎಂಬ ಕ್ಲೇಮ್ ಫಾರ್ಮ್ ಕೊಡಬೇಕು. ಅದರಲ್ಲಿ ನೋವಿರುವ ಅಂಗಗಳನ್ನೆಲ್ಲ ಬರೆಯಿರಿ. ಬೆನ್ನು ಬರೆದು ಕಾಲಿಗಿಳಿಯುವ ನೋವು ಬಿಟ್ಟರೆ ಆಮೇಲೆ ಅದಕ್ಕೊಂದು ಪ್ರತ್ಯೇಕ ಜಗಳ. ತುಂಬಿದ ಫಾರ್ಮಿನ ಪ್ರತಿಯೊಂದು ನಿಮ್ಮ ಹತ್ತಿರ ಇರಲಿ. ಒಪ್ಪುವುದೋ ತಿರಸ್ಕರಿಸುವುದೋ ಎಂದು ತೀರ್ಮಾನಿಸಲು ಸಾಮಾನ್ಯ ಕ್ಲೇಮ್‌ಗೆ 90 ದಿನ, ಪ್ರಿಸಂಪ್ಷನ್‌ಗೆ ಬರುವ ಹೆಚ್ಚಿನವಕ್ಕೆ 75 ದಿನ. ಈ ಅವಧಿಯಲ್ಲಿ 10,000 ಡಾಲರ್‌ವರೆಗಿನ ಚಿಕಿತ್ಸೆಯನ್ನು ಇಲಾಖೆಯವರೇ ಭರಿಸಬೇಕು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ಈ ವಿಮೆಯ ಹುಳುಕು ಇರುವುದು ಚಿಕಿತ್ಸೆಯಲ್ಲಿ. ಕ್ಲೇಮ್ ಒಪ್ಪಿದ ಮೇಲೂ ವೈದ್ಯರ ಕೋರಿಕೆ, ಆ ಚಿಕಿತ್ಸೆ ಅಗತ್ಯವೇ ಎಂದು ನೋಡುವ ಯುಟಿಲೈಸೇಷನ್ ರಿವ್ಯೂ ಎಂಬ ಜರಡಿಗೆ ಬೀಳುತ್ತದೆ. ತೀರ್ಮಾನಕ್ಕೆ ಸಾಮಾನ್ಯವಾಗಿ 5 ಕೆಲಸದ ದಿನ, ಹೆಚ್ಚಿನ ಮಾಹಿತಿ ಬೇಕೆಂದರೆ 14 ದಿನ. ರೋಗಿಯನ್ನು ಕಣ್ಣಿಂದಲೂ ನೋಡದ ವೈದ್ಯರು ಕಾಗದ ನೋಡಿ ‘ಬೇಡ’ ಎನ್ನಬಹುದು. ಕೋರಿಕೆಯಲ್ಲಿ ತಪಾಸಣೆಯ ವಿವರ, ಹಿಂದಿನ ಚಿಕಿತ್ಸೆ ಯಾಕೆ ಫಲಿಸಲಿಲ್ಲ ಎಂಬುದು ಇಲ್ಲದಿದ್ದರೆ ನಿರಾಕರಣೆಗೆ ನೆಪ ಸಿಕ್ಕಂತೆ. ನಿರಾಕರಿಸಿದರೆ ಸ್ವತಂತ್ರ ವೈದ್ಯಕೀಯ ಪರಿಶೀಲನೆಗೆ 30 ದಿನದೊಳಗೆ ಅರ್ಜಿ ಹಾಕಬೇಕು. ಫಿಸಿಯೋಥೆರಪಿಗೂ ಸಾಮಾನ್ಯವಾಗಿ ಒಂದು ಗಾಯಕ್ಕೆ 24 ಸಲದ ಮಿತಿ. ನಿಮ್ಮದೇ ವೈದ್ಯರು ಬೇಕಿದ್ದರೆ, ಅರ್ಹತೆ ಇದ್ದವರು ಗಾಯವಾಗುವ ಮುಂಚೆಯೇ ಅವರ ಹೆಸರು ಬರೆದುಕೊಟ್ಟಿರಬೇಕು. ಇಲ್ಲದಿದ್ದರೆ ಇಲಾಖೆಯ ಜಾಲದಲ್ಲಿರುವವರೇ ಗತಿ.

ಶಾಶ್ವತ ನ್ಯೂನತೆಗೆ ಸಿಗುವ ಮೊತ್ತವಂತೂ ನಗೆಪಾಟಲು. ನೂರಕ್ಕೆ ನೂರು ಅಲ್ಲದ ಭಾಗಶಃ ನ್ಯೂನತೆಗೆ ವಾರಕ್ಕೆ ಗರಿಷ್ಠ 290 ಡಾಲರ್.

ಕೊನೆಗೆ ರಾಜಿಗೆ ಎರಡು ದಾರಿ. ಕಾಂಪ್ರೊಮೈಸ್ ಅಂಡ್ ರಿಲೀಸ್‌ನಲ್ಲಿ ಒಂದೇ ಗಂಟು ಸಿಗುತ್ತದೆ, ಆದರೆ ಮುಂದಿನ ಚಿಕಿತ್ಸೆಯ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತದೆ. ಸ್ಟಿಪ್ಯುಲೇಟೆಡ್ ಅವಾರ್ಡ್‌ನಲ್ಲಿ ಹಣ ಎರಡು ವಾರಕ್ಕೊಮ್ಮೆ ಬರುತ್ತದೆ, ಮುಂದಿನ ಚಿಕಿತ್ಸೆಯ ಹಕ್ಕು ಉಳಿಸಿಕೊಳ್ಳಬಹುದು. ಬೆನ್ನಿಗೂ ಹೃದಯಕ್ಕೂ ಎರಡನೆಯದೇ ಲೇಸು: ಗಾಯವಾದ ದಿನದಿಂದ 5 ವರ್ಷದೊಳಗೆ ನ್ಯೂನತೆ ಹೆಚ್ಚಿದರೆ ಕೇಸನ್ನು ಮತ್ತೆ ತೆರೆಯಲು ಅರ್ಜಿ ಹಾಕಬಹುದು.