ಹೆಬ್ಬೆರಳು ಸಿಕ್ಕಿಕೊಳ್ತಿದ್ದರೆ ಜಗ್ಗಿಸಬೇಡಿ, ಮೊದಲು ಸ್ಕ್ಯಾನ್ ಮಾಡಿಸಿ

ರಾಯಚೂರು, ಕೊಪ್ಪಳ ಕಡೆ ಹೊಲದ ಕೆಲಸ ಮಾಡುವವರು ದಯವಿಟ್ಟು ಇದನ್ನು ಓದಿ.

ಸಿಂಧನೂರು ಹತ್ತಿರ ನಮ್ಮ ಅಣ್ಣ ಬದುವಿನ ಮೇಲಿನ ಬಳ್ಳಾರಿ ಜಾಲಿ ಕಡಿಯುವಾಗ ಹೆಬ್ಬೆರಳಿನ ಬುಡಕ್ಕೆ ಮುಳ್ಳು ಚುಚ್ಚಿತು. ಕಿತ್ತು ಹಾಕಿದ, ಗಾಯವೂ ಮಾಯಿತು. ಕೆಲವು ವಾರ ಬಿಟ್ಟು ಶುರುವಾಯ್ತು ನೋಡಿ. ಬೆಳಿಗ್ಗೆ ಎದ್ದರೆ ಬೆರಳು ಮಡಚಿದ್ದು ಮಡಚಿದ ಹಾಗೇ. ಇನ್ನೊಂದು ಕೈಯಲ್ಲಿ ಹಿಡಿದು ಬಿಡಿಸಿದರೆ ಟಕ್ ಅಂತ ಸದ್ದು, ಕಣ್ಣಲ್ಲಿ ನೀರು.

ಉಳುಕು ತೆಗೆಯುವವರೊಬ್ಬರು ಎಣ್ಣೆ ಹಚ್ಚಿ ಜಗ್ಗಿದರು. ರಾತ್ರಿಗೆ ಬೆರಳು ಊದಿಕೊಂಡಿತ್ತು. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ನೋಡಿ, ಏನೂ ಇಲ್ಲ, ಟ್ರಿಗರ್ ಥಂಬ್ (ಹೆಬ್ಬೆರಳು ಮಡಚಿ ಸಿಕ್ಕಿಕೊಳ್ಳುವ ತೊಂದರೆ) ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ನೋವು ಇಳಿದು ಮತ್ತೆ ಬಂತು. ಮತ್ತೆ ಅದೇ ಇಂಜೆಕ್ಷನ್! ಮುಳ್ಳು ಚುಚ್ಚಿತ್ತಾ ಅಂತ ಒಂದು ಮಾತು ಕೇಳಲಿಲ್ಲ. ನನಗೆ ಈಗಲೂ ಸಿಟ್ಟು ಬರೋದು ಇದಕ್ಕೇ.

ಬೆರಳು ಮಡಚುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹುರಿ, ಒಂದು ಪೊರೆಯೊಳಗೆ ಜಾರುತ್ತಾ ಓಡಾಡುತ್ತದೆ. ಸಾಮಾನ್ಯವಾಗಿ ಬುಡದಲ್ಲಿ ಆ ಪೊರೆಯ ಬಾಯಿ ದಪ್ಪಗಾಗಿ ಬೆರಳು ಸಿಕ್ಕಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಜಾಸ್ತಿ. ಹೀಗೆ ಪೊರೆ ದಪ್ಪಗಾಗಿ ಸಿಕ್ಕಿಕೊಂಡಿದ್ದರೆ ಇಂಜೆಕ್ಷನ್ನಿನಿಂದ ಎಷ್ಟೋ ಸಲ ಗುಣವಾಗುತ್ತದೆ, ನಿಜ. ಆದರೆ ಅಪರೂಪಕ್ಕೆ ಕಾರಣ ಬೇರೆಯೇ ಇರುತ್ತದೆ. ಒಳಗೆ ನೀರುಗಂಟು, ಟೆಂಡನ್ ಮೇಲೆ ಗಡ್ಡೆ, ಅರ್ಧ ಹರಿದ ಟೆಂಡನ್, ಕೀಲಿನ ಪಕ್ಕದ ಪುಟ್ಟ ಮೂಳೆ ಸಿಕ್ಕಿಬೀಳುವುದು, ಇಲ್ಲವೇ ಮುರಿದು ಉಳಿದ ಮುಳ್ಳು. ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಹೆಚ್ಚಾಗಿ ಕಾಣುತ್ತದೆ.

ಕೊನೆಗೆ ಕೈ ಸರ್ಜರಿ ಮಾಡುವ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಬೆರಳಿಗಷ್ಟೇ ಮರಗಟ್ಟಿಸಿ ಪೊರೆ ಬಿಡಿಸಿದಾಗ ಸಿಕ್ಕಿದ್ದು ಅಕ್ಕಿಕಾಳಿಗಿಂತ ಸಣ್ಣ ಕರಿ ಚೂರು, ಸುತ್ತ ಕೆಂಪಗೆ ಬೆಳೆದ ಮಾಂಸ. ಟೇಬಲ್ ಮೇಲೇ ಅಣ್ಣನಿಗೆ ಬೆರಳು ಮಡಚಿ ಬಿಡಿಸಲು ಹೇಳಿ, ಟೆಂಡನ್ ಸಲೀಸಾಗಿ ಓಡುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಹೊಲಿಗೆ ಹಾಕಿದರು.

ಆಪರೇಷನ್ ಅಂದರೆ ಯಾರ ಕೈಯಲ್ಲಾದರೂ ಸುಮ್ನೆ ಮಾಡಿಸಿಕೊಳ್ಳಬೇಡಿ. ಹೆಬ್ಬೆರಳಿನ ಸ್ಪರ್ಶದ ನರ ಅಲ್ಲೇ ಚರ್ಮದ ಕೆಳಗೆ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಬೆರಳು ಜೋಮು ಹಿಡಿಯುತ್ತದೆ. ಡಾಕ್ಟರು ಕೇಳದಿದ್ದರೂ ಮುಳ್ಳಿನ ವಿಷಯ ನೀವೇ ಹೇಳಿ, ತಿಂಗಳುಗಳ ಹಿಂದಿನದಾದರೂ ಸರಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ, ಸ್ಟೀರಾಯ್ಡ್ ಕೊಟ್ಟ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ.