ಟ್ಯಾಗ್ ಮತ್ತು ಕಟ್ಟಡದ ಡಿಜಿಟಲ್ ಮಾದರಿ: ಮಡಿಕೇರಿಯ ಮಳೆಯಲ್ಲಿ ದೀರ್ಘಕಾಲದ ಬಳಕೆಯ ಅನುಭವ

ಮಡಿಕೇರಿ ಸಮೀಪದ ಇಳಿಜಾರಿನಲ್ಲಿ ಹರಡಿಕೊಂಡಿರುವ ರೆಸಾರ್ಟ್ ಒಂದರ ಕಟ್ಟಡ ನಿರ್ವಹಣೆ ನನ್ನ ಹೊಣೆ. ಪಂಪ್, ವಾಲ್ವ್, ವಿದ್ಯುತ್ ಪ್ಯಾನೆಲ್, ಅಗ್ನಿಶಾಮಕ ಸಿಲಿಂಡರುಗಳಿಗೆ ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೊ ಅಲೆಗಳ ಮೂಲಕ ಓದಿಸಿಕೊಳ್ಳುವ ಗುರುತುಚೀಟಿ, ಅಂಟಿಸಿ, ಅವನ್ನು ಕಟ್ಟಡದ ಡಿಜಿಟಲ್ ಮಾದರಿಯೊಂದಿಗೆ, ಅಂದರೆ ಬಿಐಎಂನೊಂದಿಗೆ, ಜೋಡಿಸಿಕೊಡುವ ಸೇವೆಯನ್ನು ಕೆಲವು ಮಳೆಗಾಲಗಳಿಂದ ಬಳಸುತ್ತಿದ್ದೇನೆ. ರೀಡರ್ ಹಿಡಿದೊಡನೆ ಟ್ಯಾಬ್ಲೆಟ್‌ನಲ್ಲಿ ಮಾದರಿ ತೆರೆದುಕೊಂಡು, ಆ ಪಂಪ್‌ನ ಪೈಪು ಯಾವ ಗೋಡೆಯೊಳಗೆ ಹಾದಿದೆ, ಅದನ್ನು ನಿಲ್ಲಿಸುವ ವಾಲ್ವ್ ಎಲ್ಲಿದೆ, ಬೇರಿಂಗ್ ಬದಲಿಸಿದ್ದು ಯಾವಾಗ ಎಂಬುದೆಲ್ಲ ಕಾಣುತ್ತದೆ. ಫಾಲ್ಸ್ ಸೀಲಿಂಗ್‌ನ ಮೇಲಿರುವ ವಾಲ್ವ್‌ಗಾಗಿ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕುವ ಕೆಲಸ ತಪ್ಪಿದೆ; ಕೊಟ್ಟ ಹಣ ಸಾರ್ಥಕ ಎನ್ನಿಸುವುದು ಅಲ್ಲಿಯೇ.

ಕೊರತೆ ಇರುವುದು ಜೋಡಣೆಯ ವಿಧಾನದಲ್ಲಿ. ಬೇರೆ ಬೇರೆ ತಂತ್ರಾಂಶಗಳ ನಡುವೆ ಇಂಥ ಮಾದರಿಗಳನ್ನು ಹಂಚಿಕೊಳ್ಳಲು ಇರುವ ಐಎಫ್‌ಸಿ ಮಾನದಂಡದ ಪ್ರಕಾರ ಮಾದರಿಯ ಪ್ರತಿಯೊಂದು ವಸ್ತುವಿಗೂ 22 ಅಕ್ಷರಗಳ ಗುರುತು ಇರುತ್ತದೆ. ಅದು 128 ಬಿಟ್‌ಗಳ ಸಂಖ್ಯೆಯೊಂದರ ಅಡಕ ರೂಪ. ಕೆಲವು ಮೀಟರ್ ದೂರದಿಂದ ಓದಬಹುದಾದ ಸಾಮಾನ್ಯ ಯುಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ) ಟ್ಯಾಗುಗಳಲ್ಲಿ ಗುರುತಿಗೆಂದು ಮೀಸಲಾದ ಜಾಗ ಹೆಚ್ಚಾಗಿ 96 ಬಿಟ್‌ಗಳದ್ದು. ಆದುದರಿಂದ ಸರಬರಾಜುದಾರರು ಹೆಚ್ಚು ಬೆಲೆಯ ಟ್ಯಾಗುಗಳನ್ನು ತರಿಸಿ, ಮಾದರಿಯ ಗುರುತನ್ನೇ ನೇರವಾಗಿ ಅವುಗಳಲ್ಲಿ ಬರೆದರು. ಊಟದ ಹಾಲ್ ನವೀಕರಣಗೊಂಡಾಗ ವಾಸ್ತುಶಿಲ್ಪಿಗಳು ಹಳೆಯ ಉಪಕರಣಗಳನ್ನು ಅಳಿಸಿ ಹೊಸದಾಗಿ ಬಿಡಿಸಿದರು. ಪಂಪ್ ಇದ್ದಲ್ಲಿಯೇ ಇದ್ದರೂ ಮಾದರಿಯಲ್ಲಿ ಅದರ ಗುರುತು ಬದಲಾಯಿತು, ಪಂಪಿನ ಮೇಲಿನ ಟ್ಯಾಗು ಮಾದರಿಯಲ್ಲಿ ಈಗ ಇಲ್ಲದ ವಸ್ತುವಿನ ವಿಳಾಸ ಹೇಳತೊಡಗಿತು. ಈಗ ಟ್ಯಾಗಿನಲ್ಲಿ ನಮ್ಮದೇ ಆಸ್ತಿ ಸಂಖ್ಯೆ ಮಾತ್ರ ಇದೆ. ಅದಕ್ಕೂ ಮಾದರಿಯ ಗುರುತಿಗೂ ನಡುವೆ ಒಂದು ಪಟ್ಟಿ ಇದ್ದು, ನಕ್ಷೆ ಬದಲಾದಾಗ ಪಟ್ಟಿಯ ಒಂದು ಸಾಲನ್ನು ತಿದ್ದಿದರೆ ಸಾಕು. ಮೊದಲ ದಿನವೇ ಹೀಗೆ ಮಾಡಿಕೊಡಬೇಕಾಗಿತ್ತು ಎಂಬ ನನ್ನ ಅಸಮಾಧಾನ ಇನ್ನೂ ಹೋಗಿಲ್ಲ.

ಇನ್ನು ನಮ್ಮ ಹವೆ. ಯುಎಚ್‌ಎಫ್ ಅಲೆಗಳನ್ನು ನೀರು ಹೀರುತ್ತದೆ, ಲೋಹ ಪ್ರತಿಫಲಿಸುತ್ತದೆ. ಬೇಸಿಗೆಯಲ್ಲಿ ಕೆಲವು ಮೀಟರ್ ದೂರದಿಂದ ಓದಿಸಿಕೊಳ್ಳುವ ಟ್ಯಾಗ್, ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ತೊಯ್ದು ನಿಂತಾಗ ರೀಡರನ್ನು ಮುಖಕ್ಕೇ ಹಿಡಿದರೂ ಮೌನವಾಗಿರುವುದುಂಟು. ಪಂಪ್‌ನ ಕವಚಕ್ಕೆ ಅಂಟಿಸಿದ್ದ ಕಾಗದದ ಟ್ಯಾಗುಗಳು ಬಾಳಲಿಲ್ಲ. ಲೋಹಕ್ಕೆಂದೇ ತಯಾರಾದ ದಪ್ಪ ಟ್ಯಾಗನ್ನು ರಿವೆಟ್ ಹೊಡೆದು ಕೂರಿಸಿದ ಮೇಲೆ ತೊಂದರೆ ಬಹುಮಟ್ಟಿಗೆ ನೀಗಿತು. ಮರದ ತಡೆಗೋಡೆಯಾಚೆಯ ಟ್ಯಾಗೂ ಓದಿಸಿಕೊಳ್ಳುವ ಗೊಂದಲ ಪ್ಯಾನೆಲ್ ಕೋಣೆಯಲ್ಲಿತ್ತು, ಅಲ್ಲಿ 13.56 ಮೆಗಾಹರ್ಟ್ಸ್‌ನ ಎನ್‌ಎಫ್‌ಸಿ ಟ್ಯಾಗ್ ಹಾಕಿಸಿದೆವು. ಅದನ್ನು ಕೆಲವೇ ಸೆಂಟಿಮೀಟರ್ ಹತ್ತಿರದಿಂದ ಓದಬೇಕಾದ್ದರಿಂದ ಪಕ್ಕದ ಪ್ಯಾನೆಲ್ ನಡುವೆ ಬರುವುದಿಲ್ಲ.

ಟ್ಯಾಗ್ ಇದ್ದ ಮಾತ್ರಕ್ಕೆ ವಸ್ತುವಿನ ಸ್ಥಳ ತಾನಾಗಿ ತಿಳಿಯುತ್ತದೆ ಎಂದು ನಂಬುವವರಿದ್ದಾರೆ. ಮಾರಾಟದವರೂ ಅದನ್ನು ಅಲ್ಲಗಳೆಯುವುದಿಲ್ಲ. ಬ್ಯಾಟರಿಯಿಲ್ಲದ ಟ್ಯಾಗಿಗೆ ತಾನೆಲ್ಲಿದ್ದೇನೆಂಬ ಅರಿವಿಲ್ಲ. ಮರುಭರ್ತಿಗೆ ಹೋದ ಸಿಲಿಂಡರ್ ಹಿಂತಿರುಗಿ ಬೇರೆ ಕಾಟೇಜಿನಲ್ಲಿ ನೇತಾಡುತ್ತಿದ್ದರೂ ಮಾದರಿ ಹಳೆಯ ಜಾಗವನ್ನೇ ತೋರಿಸುತ್ತಿರುತ್ತದೆ. ಹೀಗಾಗಿ ಕೋಣೆಯ ಬಾಗಿಲಿಗೂ ಟ್ಯಾಗ್ ಹಾಕಿ, ಮೊದಲು ಬಾಗಿಲನ್ನು, ನಂತರ ಉಪಕರಣವನ್ನು ಓದುವ ಕ್ರಮವನ್ನು ಸಿಬ್ಬಂದಿಗೆ ರೂಢಿ ಮಾಡಿಸಿದ್ದೇವೆ.

ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರಿದು. ಮಾದರಿ ಟ್ಯಾಬ್ಲೆಟ್‌ನಲ್ಲಿಯೇ ಉಳಿದು ಆಫ್‌ಲೈನ್‌ನಲ್ಲಿ ತೆರೆಯುವುದರಿಂದ ಕೆಲಸ ನಿಲ್ಲುವುದಿಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ನಾಲ್ಕೈದು ಕೋಣೆಗಳ ಹೋಂಸ್ಟೇಗೆ ಇದು ಬೇಡ, ಒಂದು ನೋಟ್‌ಬುಕ್ ಸಾಕು. ದೊಡ್ಡ ಕಟ್ಟಡದವರು ಕೊಳ್ಳುವುದಾದರೆ, ಐಎಫ್‌ಸಿ ಕಡತವೂ ಸಂಖ್ಯೆಗಳ ಪಟ್ಟಿಯೂ ತಮ್ಮ ಕೈಗೆ ಬರಬೇಕೆಂದು, ನವೀಕರಣದ ನಂತರ ಮಾದರಿಯನ್ನು ತಿದ್ದುವವರು ಯಾರು, ಅದಕ್ಕೆ ಎಷ್ಟು ಹಣ ಎಂಬುದನ್ನು ಸಹಿ ಹಾಕುವ ಮುನ್ನವೇ ಕರಾರಿನಲ್ಲಿ ಬರೆಸಿಕೊಳ್ಳಬೇಕು.